ದುನಿಯಾ ಕಣದಲ್ಲಿ ಅಕ್ಕ ತಂಗಿ

ದೊಡ್ಡವ್ವನಿಗೆ ಎರಡೂ ಕಣ್ಣಿನ ಪೊರೆ ತೆಗೆಸಿ ಮೂರು ತಿಂಗಳಾಗಿತ್ತು. ನನ್ನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆಂದು ಗಜೇಂದ್ರಗಡದಿಂದ ನರಗುಂದಕ್ಕೆ ಬಂದವಳು ನಮ್ಮ ಮನೆಯಲ್ಲಿ ಎಂಟು ದಿನ ಉಳಿದಳು. ಹೊಸ ಕಣ್ಣಿನ ಹುರುಪು ಎಷ್ಟಿತ್ತೆಂದರೆ, ಬಂದವಳೇ ಕೂಸನ್ನೂ ನೋಡದೆ ನನ್ನ ಅವ್ವನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, "ನೀ ಇಷ್ಟ ಮುದಕಿ ಆಗೀ ಅಂತ ನನಗ ಯಾರೂ ಹೇಳೇ ಇಲ್ಲಲ್ಲ ತಂಗೀ" ಅಂದಳು. ದೊಡ್ಡವ್ವ ಅಂದರೆ ನನ್ನ ಅವ್ವನ ಅಕ್ಕ. ಇಬ್ಬರ ನಡುವೆ ಹನ್ನೊಂದು ವರ್ಷದ ಅಂತರ. ಒಬ್ಬಳದು ಎಂಬತ್ತು ದಾಟಿದೆ, ಇನ್ನೊಬ್ಬಳದು ಎಪ್ಪತ್ತು.

ಒಂಬತ್ತನೆಯ ದಿನ ಭಾನುವಾರ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು, ಅಂದು ರಜೆ. ದೊಡ್ಡವ್ವನನ್ನು ನಾನೇ ಕಾರಿನಲ್ಲಿ ಊರಿಗೆ ಬಿಟ್ಟು ಬರುತ್ತೇನೆ ಎಂದೆ. ನಲವತ್ತೈದು ದಾಟಿದ ಮೇಲೆ ಡ್ರೈವಿಂಗ್ ಕಲಿತವಳು ನಾನು. ನನ್ನ ಗಾಡಿಯಲ್ಲಿ ಕೂಡಲು ಮನೆಯವರೆಲ್ಲ ಹಿಂದೆ ಮುಂದೆ ನೋಡುತ್ತಾರೆ. ಅಕ್ಕ ತಂಗಿ ಮಾತ್ರ ಹಿಂದಿನ ಸೀಟಿನಲ್ಲಿ ನಡುವೆ ಒಂದು ಬುಟ್ಟಿ ಇಟ್ಟುಕೊಂಡು ಆರಾಮಾಗಿ ಕೂತರು.

ರೋಣದಲ್ಲಿ ಮಿರ್ಚಿ ತಿಂದು, ಚಹಾ ಕುಡಿದು ಮತ್ತೆ ಗಾಡಿ ಹತ್ತಿದಾಗ ಅವ್ವ ಅಂದಳು. "ಜಕ್ಕಲಿ ಕಡಿಂದ ಹೋಗೂಣಲ್ಲ? ಪ್ರದರ್ಶನದ ಜಾಗಾ ನೋಡಿಕೊಂಡ ಹೋಗೂಣು."

ನಾನು ಕನ್ನಡಿಯಲ್ಲಿ ದೊಡ್ಡವ್ವನ ಮುಖ ನೋಡಿದೆ. ಈ ಮಾತು ಹಿಂದೆ ಎಷ್ಟೋ ಸಲ ಬಂದಿತ್ತು. ಪ್ರತಿ ಸಲವೂ ದೊಡ್ಡವ್ವ, "ಅಲ್ಲೇನೈತಿ, ಕಲ್ಲ ಮಣ್ಣ" ಎಂದು ಮುಗಿಸಿಬಿಡುತ್ತಿದ್ದಳು. ಈ ಸಲ ಕಿಟಕಿಯ ಹೊರಗೆ ಸ್ವಲ್ಪ ಹೊತ್ತು ನೋಡಿ, "ಹೋಗೂಣ ನಡಿ. ಕಣ್ಣ ಅಂತೂ ಹೊಸಾವು ಬಂದಾವು" ಅಂದಳು.

ಆ ಪ್ರದರ್ಶನದ ಕತೆ ಕೇಳುತ್ತಲೇ ಬೆಳೆದವಳು ನಾನು. ಸ್ವಾತಂತ್ರ್ಯ ಬಂದು ಹತ್ತೋ ಹನ್ನೆರಡೋ ವರ್ಷಗಳಾಗಿದ್ದಾಗ, ಯಾವ ದೊಡ್ಡವರ ಹಠವೋ ಏನೋ, ನಮ್ಮ ಈ ಎರೆ ಭೂಮಿಯ ನಡುವಿನ ಒಂದು ಮಡ್ಡಿ ದಿಬ್ಬದ ಮೇಲೆ ಜಗತ್ತಿನ ಪ್ರದರ್ಶನ ನಡೆಯಿತು. ನಿಜವಾದ ಹೆಸರು ಏನಿತ್ತೋ, ಯಾರಿಗೂ ನೆನಪಿಲ್ಲ. ನಮ್ಮ ಮನೆಯಲ್ಲಿ ಅದಕ್ಕೆ ಬರೀ 'ಪ್ರದರ್ಶನ' ಎಂದೇ ಹೆಸರು. ಏಳೆಂಟು ಹೊರದೇಶಗಳವರು ಬಂದು ತಮ್ಮ ತಮ್ಮ ಮಂಟಪ ಹಾಕಿದ್ದರಂತೆ. ಜನ ಹೊಳೆಆಲೂರು ಸ್ಟೇಷನ್ನಿನಲ್ಲಿ ಇಳಿದು, ಚಕ್ಕಡಿ ಕಟ್ಟಿಕೊಂಡು, ಸಿಕ್ಕ ಲಾರಿ ಹತ್ತಿಕೊಂಡು ಬಂದರಂತೆ. ನಡೆದದ್ದು ಒಂದು ತಿಂಗಳು.

ಅದರಲ್ಲಿ ಕೈಮಗ್ಗದ ಮಂಟಪವೂ ಒಂದಿತ್ತು. ಗಜೇಂದ್ರಗಡದ ನೇಕಾರರ ಮನೆಗಳಿಂದ ನೇಯುವವರನ್ನು ಆರಿಸಿಕೊಂಡು ಹೋಗಿ, ನೋಡುವವರ ಎದುರಿಗೇ ಸೀರೆ ನೇಯಿಸುತ್ತಿದ್ದರು. ಹದಿನಾರು ವರ್ಷದ ದೊಡ್ಡವ್ವ ಆ ಮಂಟಪದ ಕುಣಿಮಗ್ಗದಲ್ಲಿ ಕೂತವಳು. ನೆಲದಲ್ಲಿ ಕುಣಿ ತೋಡಿ, ನೇಯುವವರು ಅದರೊಳಗೆ ಕಾಲು ಇಳಿಬಿಟ್ಟು ಕೂಡುವ ಮಗ್ಗ ಅದು. ಮನೆಯಲ್ಲಿ ನನ್ನ ಅಜ್ಜಿ ಬಾಣಂತಿ. ಹೀಗಾಗಿ ಐದು ವರ್ಷದ ನನ್ನ ಅವ್ವನನ್ನೂ ಅಕ್ಕನ ಜೊತೆಗೇ ಕಳಿಸಿದ್ದರು. ಅಜ್ಜ ಇಬ್ಬರನ್ನೂ ಬಿಟ್ಟು ನೂಲು ತರಲು ಊರಿಗೆ ಓಡಾಡುತ್ತಿದ್ದ.

ಒಂದು ದಿನ ಅವ್ವ ಕಳೆದುಹೋದಳು. ಇದು ನಮ್ಮ ಮನೆಯ ದೊಡ್ಡ ಕತೆ. ಅಲ್ಲಿ ಸಿಮೆಂಟಿನ ತೊಟ್ಟಿಯಲ್ಲಿ ಕಟ್ಟಿದ್ದ ಜಗತ್ತಿನ ನಕಾಶೆಯ ಹತ್ತಿರ ಪೊಲೀಸನೊಬ್ಬನ ಕೈಗೆ ಸಿಕ್ಕು, ಮೈಕಿನಲ್ಲಿ ಕೂಗಿ, ಕೊನೆಗೆ ದೊಡ್ಡವ್ವ ಓಡಿ ಬಂದು ಎರಡು ಏಟು ಹಾಕಿ ಎತ್ತಿಕೊಂಡು ಹೋದದ್ದು. ಅವ್ವ ಇದನ್ನು ಹಬ್ಬದ ಹಾಗೆ ಹೇಳುತ್ತಿದ್ದಳು. "ಮೈಕಿನ್ಯಾಗ ಎಷ್ಟ ಸರ್ತಿ ಕೂಗಿದ್ರೂ ಅಕ್ಕಗ ಮಗ್ಗದ ಸಪ್ಪಳದಾಗ ಕೇಳೇ ಇಲ್ಲ" ಎಂಬುದು ಆ ಕತೆಯ ಖಾಯಂ ಸಾಲು. ದೊಡ್ಡವ್ವ ಎದುರಿಗಿದ್ದರೆ ಆ ಹೊತ್ತಿಗೆ ಎದ್ದು ನೀರು ಕುಡಿಯಲು ಹೋಗುತ್ತಿದ್ದಳು. ನಾವು ಅದನ್ನು ಗಮನಿಸಿದ್ದೆವು, ಅರ್ಥ ಮಾಡಿಕೊಂಡಿರಲಿಲ್ಲ.

ಡಾಂಬರು ರಸ್ತೆ ಬಿಟ್ಟು ಚಕ್ಕಡಿ ದಾರಿಯಲ್ಲಿ ಅರ್ಧ ಮೈಲಿ ಹೋಗಬೇಕು. ದೂರದಲ್ಲಿ ಗಾಳಿಯಂತ್ರದ ಫ್ಯಾನುಗಳು ನಿಧಾನವಾಗಿ ತಿರುಗುತ್ತಿದ್ದವು. ಮೊದಲು ಕಂಡದ್ದು ಎರಡು ಎತ್ತರದ ಸಿಮೆಂಟಿನ ಕಂಬ, ಅವುಗಳ ನಡುವೆ ಏನೂ ಇಲ್ಲ. ಅದೇ ಹೆಬ್ಬಾಗಿಲು. ಪಕ್ಕದಲ್ಲಿ ಟಿಕೆಟ್ ಕೊಡುವ ಕೋಣೆ ಇತ್ತು. ಅದರ ಕಿಂಡಿಯಿಂದ ಜಾಲಿಯ ಟೊಂಗೆಯೊಂದು ಹೊರಗೆ ಬಂದಿತ್ತು. ಒಳಗೆ ಸಾಲಾಗಿ ಮಂಟಪಗಳ ಕಟ್ಟೆಗಳು. ಕೆಲವಕ್ಕೆ ಗೋಡೆ ಉಳಿದಿತ್ತು, ಚಾವಣಿ ಯಾವುದಕ್ಕೂ ಇಲ್ಲ. ಒಂದು ಗೋಡೆಯ ಮೇಲೆ ಯಾವುದೋ ದೇಶದ ಬಾವುಟದ ಬಣ್ಣ, ತೊಳೆದ ಬಟ್ಟೆಯ ಹಾಗೆ ಮಾಸಿ, ಇನ್ನೂ ಇತ್ತು.

ಹಾಳುಬಿದ್ದ ಜಾಗ ಎಂದುಕೊಂಡು ಹೋಗಿದ್ದೆ. ಆದರೆ ಅಲ್ಲಿ ಕೆಲಸ ನಡೆದಿತ್ತು. ಮಂಟಪಗಳ ಸಿಮೆಂಟಿನ ನೆಲದ ಮೇಲೆಲ್ಲ ಕೆಂಪು ಮೆಣಸಿನಕಾಯಿ ಹರವಿದ್ದರು. ಘಾಟಿಗೆ ನನಗೆ ನಾಲ್ಕಾರು ಸೀನು ಬಂದವು. ಸೆರಗನ್ನು ಮೂಗಿಗೆ ಕಟ್ಟಿಕೊಂಡ ಇಬ್ಬರು ಹೆಂಗಸರು ಕಾಲಿನಿಂದ ಕಾಯಿ ತಿರುವುತ್ತಿದ್ದರು. ಅವರಲ್ಲಿ ಹಿರಿಯಳು ಕಟ್ಟಿದ ಸೆರಗು ಬಿಚ್ಚಿ ನಮ್ಮ ಕಡೆ ಬಂದಳು.

"ಯಾರ ಬೇಕಾಗಿತ್ರಿ ಅವ್ವಾರ?"

"ಯಾರೂ ಬ್ಯಾಡವಾ, ಜಾಗಾ ನೋಡಾಕ ಬಂದೀವಿ" ಎಂದಳು ಅವ್ವ. "ಇಲ್ಲೆ ಮೊದಲ ದೊಡ್ಡ ಪ್ರದರ್ಶನ ಆಗಿತ್ತು."

"ಹೌದೇನ್ರಿ? ನಮಗ ಗೊತ್ತಿಲ್ರಿ. ನಾವು ಮೆಣಸಗಿಯವ್ರು, ಕೂಲಿಗಿ ಬಂದೇವ್ರಿ. ಇದಕ್ಕ ದುನಿಯಾ ಕಣ ಅಂತಾರ ನೋಡ್ರಿ ಎಲ್ಲಾರೂ."

"ದುನಿಯಾ ಕಣ ಯಾಕ?" ನಾನು ಕೇಳಿದೆ.

"ಅಲ್ಲೈತಲ್ರಿ ದುನಿಯಾ" ಎಂದು ಅವಳು ಕೈ ತೋರಿಸಿದಳು.

ಅವ್ವ ಆಗಲೇ ಆ ಕಡೆ ಹೊರಟಿದ್ದಳು. ಮೊಣಕಾಲು ನೋವಿನ ನನ್ನ ಅವ್ವ ಅಷ್ಟು ಜೋರು ನಡೆದದ್ದನ್ನು ನಾನು ಇತ್ತೀಚೆಗೆ ನೋಡಿರಲಿಲ್ಲ. ನೆಲದಲ್ಲಿ ದುಂಡಗೆ ತೋಡಿದ, ಸೊಂಟದಷ್ಟು ಆಳದ ಸಿಮೆಂಟಿನ ದೊಡ್ಡ ತೊಟ್ಟಿ. ಅದರೊಳಗೆ ಖಂಡಗಳು ಕಟ್ಟೆಯ ಹಾಗೆ ಎದ್ದು ನಿಂತಿದ್ದವು, ದಂಡೆಯಿಂದ ಅವಕ್ಕೆ ದಾಟಲು ಸಣ್ಣ ಸಿಮೆಂಟಿನ ಸೇತುವೆ. ಒಂದು ಕಾಲಕ್ಕೆ ಸಮುದ್ರಗಳಲ್ಲಿ ನೀರು ನಿಲ್ಲಿಸುತ್ತಿದ್ದರಂತೆ. ಈಗ ಅರಬ್ಬೀ ಸಮುದ್ರದ ತುಂಬ ಮೆಣಸಿನಕಾಯಿ. ಹಿಂದೂ ಮಹಾಸಾಗರದ ತುಂಬಾ ಮೆಣಸಿನಕಾಯಿ. ತಗ್ಗಿನಲ್ಲಿ ಗಾಳಿಗೆ ಹಾರುವುದಿಲ್ಲ, ಬೇಗ ಒಣಗುತ್ತದೆ ಎಂದು ಆ ಹೆಂಗಸು ಹೇಳಿದಳು. ಆಫ್ರಿಕಾದ ಒಂದು ಅಂಚು ಒಡೆದಿತ್ತು, ಅದರ ಮೇಲೆ ಮೂರು ಕಲ್ಲಿನ ಒಲೆ ಹೂಡಿದ್ದರು. ಉತ್ತರದ ಕಡೆ ಎಕ್ಕೆಗಿಡ ಎತ್ತರವಾಗಿ ಬೆಳೆದಿತ್ತು. ಅಭ್ಯಾಸಬಲದಿಂದ ನಾನು ಶ್ರೀಲಂಕಾ ಹುಡುಕಿದೆ, ಸಿಗಲಿಲ್ಲ. ಇಂಡಿಯಾ ಮಾತ್ರ ನುಣ್ಣಗೆ, ಹೊಳೆಯುವಷ್ಟು ನುಣ್ಣಗೆ ಇತ್ತು. ಮಧ್ಯಾಹ್ನದ ರೊಟ್ಟಿಗೆ ಎಲ್ಲರೂ ಅದರ ಮೇಲೇ ಕೂಡುತ್ತಾರಂತೆ, ಬೇವಿನ ನೆರಳು ಅಲ್ಲಿಯೇ ಬೀಳುತ್ತದೆ.

"ಇಲ್ಲೇ, ಇಲ್ಲೇ ಕುಂತಿದ್ದೆ ನಾ" ಎಂದು ಅವ್ವ ಇಂಡಿಯಾದ ಅಂಚಿಗೆ ಕೂತಳು. "ಕಾಲ ನೀರಾಗ ಬಿಟ್ಟಿದ್ದೆ. ಸಿಮೆಂಟಿನ ಮೀನ ಇದ್ವು ಇಲ್ಲೆ."

ಅವ್ವನನ್ನು ಅಲ್ಲಿ ಬಿಟ್ಟು ನಾನು ದೊಡ್ಡವ್ವನ ಕಡೆ ನೋಡಿದೆ. ಅವಳು ನಕಾಶೆಯ ಹತ್ತಿರ ಬಂದೇ ಇರಲಿಲ್ಲ. ಸಾಲಿನ ಕೊನೆಯ ಮಂಟಪದ ಮೆಟ್ಟಿಲು ಹತ್ತುತ್ತಿದ್ದಳು. ನಾನು ಓಡಿ ಹೋಗಿ ರಟ್ಟೆ ಹಿಡಿದೆ.

ಅಲ್ಲಿ ಮೆಣಸಿನಕಾಯಿ ಇರಲಿಲ್ಲ. ನೆಲ ತುಂಬಾ ಒಡೆದಿತ್ತು, ಅದಕ್ಕೆ ಬಿಟ್ಟಿರಬೇಕು. ನಡುವೆ ಒಂದು ಚೌಕದ ಕುಣಿ. ಅರ್ಧ ಮಣ್ಣು, ಒಣಗಿದ ಎಲೆ. ದೊಡ್ಡವ್ವ ಅದರ ದಂಡೆಗೆ ನಿಂತು ಸುತ್ತ ನೋಡಿದಳು.

"ಭಾಳ ದೊಡ್ಡದಿತ್ತಲ್ಲ ಇದು" ಅಂದಳು. ಆಮೇಲೆ, "ಇಷ್ಟ ಇತ್ತೇನೋ."

ಬೇಡ ಎಂದರೂ ಕೇಳದೆ ದಂಡೆಯ ಮೇಲೆ ಕೂತು ಕುಣಿಯೊಳಗೆ ಕಾಲು ಇಳಿಬಿಟ್ಟಳು. ಎಂಬತ್ತು ದಾಟಿದ ಮೈ ತನ್ನಷ್ಟಕ್ಕೆ ತಾನೇ ಸೆಟೆದು ನೆಟ್ಟಗಾಯಿತು. ಜೀವನವಿಡೀ ಮಗ್ಗದಲ್ಲಿ ಕೂತವರ ಬೆನ್ನು ಅದು. ಅಷ್ಟರಲ್ಲಿ ಅವ್ವನೂ ಏದುಸಿರು ಬಿಡುತ್ತಾ ಬಂದು ಅಕ್ಕನ ಪಕ್ಕದಲ್ಲಿ ಕೂತಳು. ಬುಟ್ಟಿಯಿಂದ ನೀರಿನ ಬಾಟಲಿ ತೆಗೆದು ಕೊಟ್ಟೆ. ಇಬ್ಬರೂ ಕುಡಿದರು.

"ಇಲ್ಲಿಂದ ಅಲ್ಲೀತನಾ ಎಷ್ಟ ಹತ್ತರ ಐತಿ ನೋಡ" ಎಂದಳು ಅವ್ವ, ನಕಾಶೆಯ ಕಡೆ ಕೈ ಮಾಡಿ. "ಮೈಕಿನ್ಯಾಗ ಅಷ್ಟ ಕೂಗಿದ್ರೂ ಮಗ್ಗದ ಸಪ್ಪಳದಾಗ..."

"ಕೇಳಿತ್ತು" ಅಂದಳು ದೊಡ್ಡವ್ವ.

ಅವ್ವ ಅಕ್ಕನ ಕಡೆ ತಿರುಗಿದಳು. ನಾನೂ.

"ಹಳದಿ ಅಂಗಿ ಹಾಕ್ಕೊಂಡ ಹುಡುಗಿ ಸಿಕ್ಕಾಳ, ಹೆಸರ ಹೇಳವಲ್ಲಳು, ಮಂದಿ ಯಾರರ ಇದ್ರ ಬಂದ ಕರಕೊಂಡ ಹೋಗ್ರಿ ಅಂತ ಕೂಗಿದ್ರು. ನಾಕ ಸರ್ತಿ. ಆ ಹಳದಿ ಅಂಗಿ ನಾನ ಹೊಲದಿದ್ನಿ. ಎಲ್ಲಾ ಕೇಳಿತ್ತು ನನಗ."

"ಕೇಳಿ?" ಎಂದೆ ನಾನು.

"ಕೇಳಿ ಲಾಳಿ ಹೊಡದ್ನಿ."

ಅವಳು ನಿಧಾನವಾಗಿ ಹೇಳಿದಳು. ಅಂದು ದಿಲ್ಲಿಯಿಂದ ದೊಡ್ಡವರು ಬರುವವರಿದ್ದರು. ಅವರು ಬಂದು ಹೋಗುವವರೆಗೆ ಯಾರೂ ಮಗ್ಗ ಬಿಟ್ಟು ಏಳಕೂಡದು, ಎದ್ದರೆ ಗಂಟು ಕಟ್ಟಿಕೊಂಡು ಊರಿಗೆ ನಡೆಯಿರಿ ಎಂದು ಮಂಟಪದ ಮ್ಯಾನೇಜರ್ ಬೆಳಿಗ್ಗೆಯೇ ಹೇಳಿದ್ದ. ಅಜ್ಜ ಊರಿನಲ್ಲಿ. ಯಾರನ್ನು ಕಳಿಸಬೇಕು, ಯಾರನ್ನು ಕೇಳಬೇಕು ತಿಳಿಯಲಿಲ್ಲ. ಹಗ್ಗದ ಆಚೆ ಜನ ನಿಂತು ಇವಳ ಕೈಯನ್ನೇ ನೋಡುತ್ತಿದ್ದರು. ಒಂದೂವರೆ ತಾಸು ಹಾಗೇ ನೇಯ್ದಳು. ದೊಡ್ಡವರು ಬಂದರು. ಎರಡು ನಿಮಿಷ ನಿಂತು, ಸೆರಗಿನ ಬಣ್ಣ ಚೆನ್ನಾಗಿದೆ ಎಂದೋ ಏನೋ ಅವರ ಭಾಷೆಯಲ್ಲಿ ಹೇಳಿ ಮುಂದೆ ಹೋದರು. ಅವರ ಬೆನ್ನು ತಿರುಗಿದ ಮೇಲೆ ಇವಳು ಎದ್ದು ಓಡಿದಳು.

"ಅವತ್ತ ನೇಯ್ದದ್ದು ಆಮ್ಯಾಲ ನೋಡಿದ್ನಿ. ಒಂದ ಎಳಿನೂ ತಪ್ಪಿರಲಿಲ್ಲ" ಎಂದಳು. "ಒಂದ ಎಳಿ ತಪ್ಪಿದ್ದರ ನನಗ ಸಮಾಧಾನ ಆಗತಿತ್ತು. ಕೂಸ ಎಲ್ಲೆ ಅಳತೈತೋ ಅನ್ನೂದರಾಗ ನನ್ನ ಕೈ ಹ್ಯಾಂಗ ಅಷ್ಟ ಚಲೋ ನಡೀತು ಅಂತ. ಇವತ್ತಿನ ತನಕಾ ಅದ ಮಾತ ನನಗ."

ನಾನು ಅವ್ವನ ಮುಖ ನೋಡಲಿಲ್ಲ. ನೋಡಲು ಧೈರ್ಯವಾಗಲಿಲ್ಲ. ನನಗೆ ಆಗ ಒಂದೊಂದೇ ವಿಷಯ ಹೊಳೆಯತೊಡಗಿತ್ತು. ಹೆಣ್ಣುಮಕ್ಕಳಿಗೆ ಶಾಲೆ ಯಾಕೆ ಎಂದು ಅಜ್ಜ ಅಂದಾಗ ಎರಡು ದಿನ ಊಟ ಬಿಟ್ಟು ತಂಗಿಯನ್ನು ಏಳನೆಯ ಇಯತ್ತೆಯವರೆಗೆ ಓದಿಸಿದವಳು ದೊಡ್ಡವ್ವ. ವರ್ಷಕ್ಕೊಂದು ಸೀರೆ, ತನ್ನ ಹೆಣ್ಣುಮಕ್ಕಳಿಗಿಂತ ಮೊದಲು, ಅವ್ವನಿಗೆ ಮುಟ್ಟುತ್ತಿತ್ತು. ನನ್ನನ್ನು ಹೆತ್ತು ಅವ್ವ ಹಾಸಿಗೆ ಹಿಡಿದಾಗ ಮಗ್ಗ ನಿಲ್ಲಿಸಿ ಮೂರು ತಿಂಗಳು ನರಗುಂದದಲ್ಲಿ ಇದ್ದವಳೂ ಅವಳೇ. ಓದಿದ ತಾಯಿಯ ಮಗಳು ಎಂದೇ ನಾನು ಇವತ್ತು ಟೀಚರ್ ಆಗಿರುವುದು.

ಅವ್ವ ನೀರಿನ ಬಾಟಲಿಗೆ ಮುಚ್ಚಳ ಹಾಕಿದಳು. ಕುಣಿಯೊಳಗಿನ ಎಲೆಗಳನ್ನು ಕಾಲಿನಿಂದ ಸರಿಸುತ್ತಿದ್ದಳು. ಕೊನೆಗೆ ಅಂದಳು. "ಅಕ್ಕಾ, ನಾ ಕಳದಿರಲಿಲ್ಲ."

"ಅಂದ್ರ?"

"ನೀ ನನ್ನ ಕಾಲಿಗಿ ನೂಲ ಕಟ್ಟಿ ಮಗ್ಗದ ಗೂಟಕ್ಕ ಬಿಗದಿದ್ದಿ, ನೆನಪೈತೋ ಇಲ್ಲೋ. ದಿನಾ ಕಟ್ಟತಿದ್ದಿ. ಅವತ್ತ ನಾ ಅದನ್ನ ಹಲ್ಲಿಲೆ ಕಡದ್ನಿ. ಕಡದು ಓಡಿದ್ನಿ."

ದೊಡ್ಡವ್ವ ತಿರುಗಿ ನೋಡಿದಳು.

"ಪೊಲೀಸ ಹೆಸರ ಕೇಳಿದ. ಹೇಳಿದ್ರ ನಿನ್ನ ಕಡೆ ಕಳಸತಾನಂತ ಹೇಳಲಿಲ್ಲ. ನನಗ ಹೆಸರ ಗೊತ್ತಿತ್ತು, ಊರ ಗೊತ್ತಿತ್ತು. ಯಾವ ಮಂಟಪ ಅನ್ನೂದೂ ಗೊತ್ತಿತ್ತು. ಅಳಲಿಲ್ಲ ಅಕ್ಕಾ ನಾ. ಒಂದ ಸರ್ತಿನೂ ಅಳಲಿಲ್ಲ. ಅವಾ ಶೇಂಗಾ ಕೊಡಸಿದ, ತಿಂದ್ನಿ. ಕಾಲ ನೀರಾಗ ಬಿಟ್ಟ ಕುಂತ್ನಿ."

ಇದನ್ನು ಹೇಳುವಾಗ ನನ್ನ ಅವ್ವನ ದನಿ ಐದು ವರ್ಷದ ಹುಡುಗಿಯ ದನಿಯ ಹಾಗೇ ಇತ್ತು. ನನಗೆ ನಗು ಬಂತು, ತಡೆದುಕೊಂಡೆ. ಅಕ್ಕನೂ ನಗುತ್ತಾಳೆ, ಇಬ್ಬರ ಎದೆಯೂ ಹಗುರಾಗುತ್ತದೆ ಎಂದುಕೊಂಡಿದ್ದೆ.

ಹಾಗಾಗಲಿಲ್ಲ. ದೊಡ್ಡವ್ವನಿಗೆ ಸಿಟ್ಟು ಬಂತು. ಸಣ್ಣ ಸಿಟ್ಟಲ್ಲ. ನನ್ನ ಭುಜ ಹಿಡಿದು ಎದ್ದು ನಿಂತು, "ಇಷ್ಟ ವರ್ಷ ಬಾಯಾಗ ಏನ ಇಟಗೊಂಡ ಕುಂತಿದ್ದಿ?" ಎಂದು ಕೇಳಿದಳು. "ಬಾಯಿ ಬಿಟ್ಟ ಹೇಳಾಕ ಏನಾಗಿತ್ತ ನಿನಗ?"

"ನೀ ಬಡೀತಿ ಅಂತ ಹೇಳಲಿಲ್ಲ."

"ಸಣ್ಣಾಕಿದ್ದಾಗ ಹೌದು. ಆಮ್ಯಾಲ?"

ಅವ್ವ ಏಳಲು ಕೈ ಚಾಚಿದಳು. ದೊಡ್ಡವ್ವ ತಂಗಿಗೆ ಕೈ ಕೊಡದೆ ಮೆಟ್ಟಿಲಿಳಿದು ಕಾರಿನ ಕಡೆ ಹೊರಟಳು. ಅವ್ವನನ್ನು ನಾನೇ ಎಬ್ಬಿಸಬೇಕಾಯಿತು. ಹೋಗುವಾಗ ಮೆಣಸಗಿಯ ಹೆಂಗಸು ಒಂದು ಬೊಗಸೆ ಮೆಣಸಿನಕಾಯಿಯನ್ನು ಹಾಳೆಯಲ್ಲಿ ಸುತ್ತಿ ನನ್ನ ಕೈಗಿಟ್ಟಳು. "ಚಟ್ನಿ ಮಾಡ್ರಿ ಅಕ್ಕಾರ. ದುನಿಯಾದ ಮೆಣಸಿನಕಾಯಿ" ಎಂದು ನಕ್ಕಳು. ಈ ಕೆಲಸ ಮುಗಿದ ಮೇಲೆ ಎಲ್ಲಿಗೆ ಎಂದು ಕೇಳಿದೆ. ಗೋವಾಕ್ಕೆ, ಕಟ್ಟಡದ ಕೆಲಸಕ್ಕೆ ಎಂದಳು.

ಈಗ ಸೀಟಿನ ನಡುವಿನ ಬುಟ್ಟಿ ಗೋಡೆಯಾಯಿತು. ಒಬ್ಬಳು ಆ ಕಿಟಕಿಗೆ, ಒಬ್ಬಳು ಈ ಕಿಟಕಿಗೆ. ನಾನು ಏನೇನೋ ಮಾತು ತೆಗೆದೆ. ಈ ವರ್ಷದ ಜೋಳ, ಕೂಸಿನ ಹೆಸರು. ಯಾರೂ ಹೂಂ ಅನ್ನಲಿಲ್ಲ. ಹತ್ತು ಹನ್ನೆರಡು ಕಿಲೋಮೀಟರ್ ಹಾಗೇ ಹೋಯಿತು.

ರಸ್ತೆ ಬದಿಯ ಒಂದು ಚಹಾದಂಗಡಿಯ ಮುಂದೆ ದೊಡ್ಡವ್ವ ನಿಲ್ಲಿಸು ಎಂದಳು. ಇಳಿಯಲಿಲ್ಲ, ನಾನೇ ಮೂರು ಕಪ್ಪು ಚಹಾ ಗಾಡಿಗೆ ತಂದೆ. ಅವಳು ಸಾಸರಿಗೆ ಸುರಿದುಕೊಂಡು ಊದಿ ಊದಿ ಕುಡಿದು ಮುಗಿಸಿದಳು.

"ಸೀರಿ ಕೊಟ್ಟೆ, ಸಾಲಿ ಕಲಿಸಿದೆ, ಎಲ್ಲಾ ಆ ತಪ್ಪಿಗಿ ಅಂತ ಮಾಡಿದೆ ಅಂತ ತಿಳಕೋಬ್ಯಾಡ ಮತ್ತ" ಅಂದಳು, ಕಿಟಕಿಯ ಕಡೆಗೇ ಮುಖ ಮಾಡಿ.

"ನೀ ಪ್ರೀತಿಲೆ ಮಾಡತಿ ಅಂತನ ನಾ ತಿಳಕೊಂಡಿದ್ನಿ" ಎಂದಳು ಅವ್ವ. "ತಪ್ಪಿನ ಸುದ್ದಿ ನನಗ ಇವತ್ತ ಗೊತ್ತಾಗಿದ್ದು."

"ಪ್ರೀತಿನೂ ಇತ್ತು."

"ಇರಲಿ ಬಿಡ."

ನಾನು ಕಪ್ಪು ಕೊಟ್ಟು ಬಂದು ಗಾಡಿ ಚಾಲೂ ಮಾಡಿದೆ. ಆಗ ದೊಡ್ಡವ್ವ ಬುಟ್ಟಿಯನ್ನು ಎತ್ತಿ ಕಾಲ ಬುಡದಲ್ಲಿ ಇಟ್ಟಳು.

"ಏನೇನ ನೋಡಿದಿ ಅವತ್ತ? ಹೇಳ."

"ಯಾವತ್ತ?"

"ತಪ್ಪಿಸಿಕೊಂಡ ಹೋದ ದಿನ. ಒಂದ ತಿಂಗಳ ಇದ್ದೆ ನಾ ಅಲ್ಲೆ. ಮುಂಜಾನಿ ಮಗ್ಗಕ್ಕ ಕುಂತ್ರ ಸಂಜೀಕ ಏಳತಿದ್ದೆ. ಎದ್ದ ಕೂಡ್ಲೆ ಎಲ್ಲಾ ಬಂದ್ ಆಗಿರತಿತ್ತು. ಏನೂ ನೋಡಿಲ್ಲ ನಾ."

ಅವ್ವ ಅಕ್ಕನ ಮುಖ ನೋಡಿದಳು. ನಾನೂ ಕನ್ನಡಿಯಲ್ಲಿ ನೋಡಿದೆ. ಜಗತ್ತೆಲ್ಲ ನೋಡಲು ಬಂದ ಜಾಗದಲ್ಲಿ ತಿಂಗಳಿಡೀ ಇದ್ದು, ಒಂದು ಕುಣಿಯನ್ನಷ್ಟೇ ನೋಡಿದವಳು. ನಮ್ಮಲ್ಲಿ ಯಾರಿಗೂ ಇದು ಇಷ್ಟು ವರ್ಷ ಹೊಳೆದಿರಲಿಲ್ಲ.

ಅವ್ವ ಹೇಳತೊಡಗಿದಳು. ಕೋಳಿ ಇಲ್ಲದೆ ದೀಪದ ಬಿಸಿಗೇ ಮರಿ ಮಾಡುವ ಪೆಟ್ಟಿಗೆ. ಗಾಜಿನ ಮನೆಯೊಳಗೆ ತಾನೇ ಓಡುವ ಗೇಣುದ್ದದ ರೈಲು. ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಮಾತಾಡುವ ಟೆಲಿಫೋನು. ಅದನ್ನು ಕಿವಿಗಿಟ್ಟುಕೊಂಡು ಅವ್ವ "ಯಾರ?" ಅಂದರೆ ಆ ಕಡೆಯ ಗಂಡಸು "ನಾನ" ಅಂದನಂತೆ. ಮತ್ತೆ, ಯಾವುದೋ ತಣ್ಣನೆಯ ದೇಶದವರು ಮಂಜುಗಡ್ಡೆಯ ಗೋಡೆ ನಿಲ್ಲಿಸಿದ್ದರು. ಜನ ಸಾಲಾಗಿ ನಿಂತು ಅದನ್ನು ಮುಟ್ಟಿ, ಒದ್ದೆ ಕೈಯನ್ನು ಮುಖಕ್ಕೆ ಸವರಿಕೊಂಡು ಹೋಗುತ್ತಿದ್ದರು.

"ಎಷ್ಟ ದೊಡ್ಡದಿತ್ತು ಗ್ವಾಡಿ?" ದೊಡ್ಡವ್ವ ಕೇಳಿದಳು.

"ನಮ್ಮ ಬಾಗಲದಷ್ಟ."

"ಕರಗತಿರಲಿಲ್ಲೇನು?"

"ಕೆಳಗ ನೀರ ಹರೀತಿತ್ತು. ಮಂದಿ ಆ ನೀರ ಸೈತ ತುಂಬಿಕೊಂಡ ಹೋಗತಿದ್ರು."

"ಬಣ್ಣ? ಬೆಳ್ಳಗನೋ ನೀಲಿನೋ?"

ಗಜೇಂದ್ರಗಡದ ಗುಡ್ಡ ಕಾಣಿಸಿತು, ಊರು ಬಂತು, ನೇಕಾರರ ಓಣಿಯ ಬಾಯಿಗೆ ಗಾಡಿ ನಿಲ್ಲಿಸಿದೆ. ಹಿಂದಿನ ಸೀಟಿನಲ್ಲಿ ಯಾರೂ ಇಳಿಯಲಿಲ್ಲ. ನಾನು ಎಂಜಿನ್ ಆರಿಸಿ, ಇಳಿದು, ಬೇವಿನ ಗಿಡದ ಕೆಳಗೆ ನಿಂತೆ. ಮನೆಮನೆಯಿಂದ ಮಗ್ಗದ ಸದ್ದು ಬರುತ್ತಿತ್ತು. ಅರ್ಧ ತಾಸಾದ ಮೇಲೆ ದೊಡ್ಡವ್ವನ ಸೊಸೆ ನೀರಿಗೆ ಹೊರಬಂದವಳು ನಮ್ಮನ್ನು ಕಂಡು, "ಯಾಕ್ರಿ ಇಲ್ಲೇ ನಿಂತೀರಿ? ಒಳಗ ಬರ್ರೀ" ಎಂದಾಗಲೇ ಅವರು ಇಳಿದದ್ದು.

ಮೂರು ವಾರದ ನಂತರ ಅದೇ ಸೊಸೆ ಫೋನ್ ಮಾಡಿದ್ದಳು. ಎಲ್ಲರೂ ಆರಾಮ ಎಂದ ಮೇಲೆ, "ಅತ್ತೀ ದಿನಾ ಪ್ರದರ್ಶನದ್ದ ಮಾತ ನೋಡ್ರಿ. ಓಣಿ ಹೆಣಮಕ್ಕಳಿಗೆಲ್ಲಾ ಹೇಳಿದ್ದ ಹೇಳೂದು. ಬರ್ಫದ ಗ್ವಾಡಿ ಇತ್ತಂತ, ಇವರು ಕೈಲೆ ಮುಟ್ಟಿ ಮಾರಿಗಿ ಸವರಕೊಂಡಿದ್ರಂತ. ಖರೇ ಏನ್ರಿ?" ಎಂದು ಕೇಳಿದಳು.

ನಾನು ಫೋನಿಗೆ ಕೈ ಅಡ್ಡ ಹಿಡಿದು ಅವ್ವನನ್ನು ಕೇಳಿದೆ. ಅವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

"ಖರೇ ಅಂತ ಹೇಳ" ಅಂದಳು. "ಭಾಳ ತಣ್ಣಗಿತ್ತಂತ ಹೇಳ."